ಮಣ್ಣಿನೊಳಗಣ ಮಿತ್ರರು

ಗೋಧಿಯ ತೆನೆಯಲ್ಲಿ ಕಾಳಿರಬೇಕಾದೆಡೆ ಕರಿಯ ಪುಡಿ ತುಂಬಿ ನಾರುವ ಕಾಡಿಗೆ ರೋಗಕ್ಕೆ ಶಿಲೀಂಧ್ರವೊಂದೇ ಕಾರಣವೆಂಬುದನ್ನು ಫ್ರಾನ್ಸಿನ ಬೆನೆಡಿಕ್ಟ್ ಪ್ರೆವೋ ಎಂಬ ವಿದ್ವಾಂಸನು 1807ರಲ್ಲಿ ತೋರಿಸಿಕೊಟ್ಟು, ಬಿತ್ತನೆಯ ಕಾಳಿಗೆ ಮೈಲುತುತ್ತದ ಉಪಚಾರವನ್ನು ಸೂಚಿಸಿದ ಮೇಲೆ, ಕಾಲಕ್ರಮದಲ್ಲಿ, ಶಿಲೀಂಧ್ರವೆಂದರೆ ಪೈರಿನ ವೈರಿ, ಅದನ್ನು ಕೊಲ್ಲುವುದೇ ಚಿಕಿತ್ಸೆ ಎಂಬ ಭಾವನೆ ಸಸ್ಯರೋಗಶಾಸ್ತ್ರದಲ್ಲಿ ಆಳವಾಗಿ ನೆಲೆಗೊಂಡಿತು. ಅದೇ ಕುಲದಲ್ಲಿ ಪೈರಿನ ರಕ್ಷಕರೂ ಉಂಟೆಂದು ಸ್ಪಷ್ಟವಾಗಲು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು; ಆ ತಿಳಿವಿಗೆ ಕೆನಡಾ ದೇಶದ ಗೋಧಿಯ ಮಣ್ಣು ಬಹುಮಟ್ಟಿಗೆ ಗುರುವಾಯಿತು.

ಆಲ್ಬರ್ಟಾ ಪ್ರಾಂತದಲ್ಲಿ ಹೆನ್ರಿ ಎಂಬ ವಿಜ್ಞಾನಿ ಗೋಧಿಯ ಬುಡಕೊಳೆ ರೋಗವನ್ನು ಪರೀಕ್ಷಿಸುತ್ತಿದ್ದನು. ಜೀವಾಣುಗಳನ್ನೆಲ್ಲ ನಾಶಗೊಳಿಸಿದ ಮಣ್ಣಿಗೆ ರೋಗಕಾರಕ ಶಿಲೀಂಧ್ರವನ್ನು ಬೆರೆಸಿ ಬಿತ್ತಿದಾಗ ಸಸಿಗಳು ತೀವ್ರವಾಗಿ ನರಳಿದುವು. ಅದೇ ಮಣ್ಣಿಗೆ ಹೊಲದ ಸಹಜವಾದ ಮಣ್ಣನ್ನು ತುಸುವೇ ಸೇರಿಸಿದರೂ ರೋಗದ ಉಗ್ರತೆ ತಗ್ಗಿತು. 1931ರಲ್ಲಿ ಪ್ರಕಟವಾದ ಈ ಪ್ರಯೋಗದ ಸರಳತೆ ನನ್ನಲ್ಲಿ ಇಂದಿಗೂ ವಿಸ್ಮಯವನ್ನುಂಟುಮಾಡುತ್ತದೆ. ಮಣ್ಣನ್ನು ನಿರ್ಜೀವಗೊಳಿಸುವುದೆಂದರೆ ರೋಗಕ್ಕೆ ಎದುರಾಳಿಗಳಿಲ್ಲದ ಬಯಲನ್ನು ಒಪ್ಪಿಸಿಕೊಟ್ಟಂತೆ ಎಂಬ ಸತ್ಯ ಅದರಲ್ಲಿ ಅಡಗಿದೆಯಲ್ಲವೆ? ಅದೇ ವರ್ಷ, ಅದೇ ಪ್ರಾಂತದ ಸ್ಯಾನ್‌ಫರ್ಡ್ ಮತ್ತು ಬ್ರಾಡ್‌ಫುಟ್ ಎಂಬವರು, ಗೋಧಿಯ ಬೇರನ್ನು ಕಪ್ಪಗಾಗಿಸಿ ತೆನೆಯನ್ನು ಜಳ್ಳಾಗಿಸುವ ‘ಟೇಕ್-ಆಲ್’ ರೋಗವನ್ನು ಮಣ್ಣಿನ ಹಲವು ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಅಡಗಿಸಬಲ್ಲುವೆಂದು ತೋರಿಸಿದರು.

ಈ ಮಿತ್ರರಲ್ಲಿ ಅತ್ಯಂತ ಪ್ರಸಿದ್ಧವಾದುದು ಟ್ರೈಕೋಡರ್ಮವೆಂಬ ಶಿಲೀಂಧ್ರ. ಶಿಲೀಂಧ್ರಶಾಸ್ತ್ರಜ್ಞ ಪರ್ಸೂನನು 1794ರಷ್ಟು ಹಿಂದೆಯೇ ಇದಕ್ಕೆ ಹೆಸರಿಟ್ಟಿದ್ದರೂ, ಇದರ ಪರಾಕ್ರಮವನ್ನು ಕಣ್ಣಾರೆ ಕಂಡು ವಿವರಿಸಿದವನು ಕ್ಯಾಲಿಫೋರ್ನಿಯದಲ್ಲಿ ನಿಂಬೆ-ಕಿತ್ತಳೆಯ ಜಾತಿಯ ಸಸಿಗಳ ರೋಗವನ್ನು ಕುರಿತು ದುಡಿಯುತ್ತಿದ್ದ ರಿಚರ್ಡ್ ವೈಂಡ್ಲಿಂಗ್, ಕಾಲ 1932. ಸೂಕ್ಷ್ಮದರ್ಶಕದಡಿಯಲ್ಲಿ ಇದರ ಎಳೆಗಳು ರೋಗಕಾರಕ ಶಿಲೀಂಧ್ರದ ಎಳೆಗಳನ್ನು ಬಳ್ಳಿಯಂತೆ ಸುತ್ತಿ, ಅವುಗಳ ಸಾರವನ್ನು ಹೀರಿ ಕೊಲ್ಲುತ್ತಿದ್ದುವು. ಶತ್ರುವಿಗೆ ಮಾರಕವಾದ ವಿಷದ್ರವ್ಯವನ್ನೂ ಇದು ಸ್ರವಿಸುವುದೆಂದು ಆತನು ಅನಂತರ ಕಂಡುಕೊಂಡನು.

ಇಂದು ನಮ್ಮ ಕರ್ನಾಟಕದ ರೈತರೂ ಟ್ರೈಕೋಡರ್ಮದ ಪುಡಿಯನ್ನು ಬೀಜೋಪಚಾರಕ್ಕೆ ಬಳಸುತ್ತಿದ್ದಾರೆ. ಆದರೆ ಸಾವಯವ ಪದಾರ್ಥವಿಲ್ಲದೆ ಬರಡಾದ ಮಣ್ಣಿನಲ್ಲಿ ಈ ಜೀವಿ ಬಹುಕಾಲ ನಿಲ್ಲಲಾರದು. ಅದಕ್ಕೂ ಆಹಾರ ಬೇಕು, ತೇವ ಬೇಕು. ಆದುದರಿಂದ ಪುಡಿಯನ್ನು ಒಣಗಿದ ನೆಲಕ್ಕೆ ಹಾಗೆಯೇ ಎರಚದೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಕೆಲವು ದಿನ ಕಾಪಾಡಿ, ಬಳಿಕ ಹೊಲಕ್ಕೆ ಹಾಕಬೇಕೆಂದು ರೈತಬಾಂಧವರಲ್ಲಿ ನನ್ನ ವಿನಂತಿ.