ಪಹಣಿ ಕಂಪ್ಯೂಟರಿಗೆ ಏರಿತು, ನಮ್ಮ ಹೆಸರು ಏರಿತಾ?



ಡಿಜಿಟಲ್ ಆಡಳಿತ ಅಂದಕೂಡಲೆ ಕರ್ನಾಟಕದವರು ಹೆಮ್ಮೆಯಿಂದ ಹೇಳೋ ಮೊದಲ ಹೆಸರು 'ಭೂಮಿ'. ಅದರ ಚರಿತ್ರೆಯನ್ನ ನಮ್ಮ ಕೇರಿ ಕಡೆಯಿಂದಲೂ ಒಂದ್ಸಲ ಓದೋಣ.

ಹಳೇ ಮೈಸೂರು ಸೀಮೆಯಲ್ಲಿ ಊರಿನ ಲೆಕ್ಕ ಶಾನುಭೋಗರ ಕೈಲಿತ್ತು. ಅದು ವಂಶದ ಹುದ್ದೆ. ನಮ್ಮ ಹಿರೀಕರದು ತೋಟಿ, ನೀರಗಂಟಿ ಕೆಲಸ. ಊರ ಗಡಿ ಎಲ್ಲಿದೆ ಅಂತ ತೋರಿಸ್ತಿದ್ದೋನು ತೋಟಿ; ಬರ್ಕೊಳ್ತಿದ್ದೋರು ಶಾನುಭೋಗರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶದ ಹುದ್ದೆಗಳನ್ನ ತೆಗೆದು, ತೋಟಿ ಇನಾಂತಿ ಜಮೀನನ್ನ ಆ ಕುಟುಂಬಗಳಿಗೇ ಮರುಮಂಜೂರು ಮಾಡೋಕೆ ದಾರಿ ಮಾಡಿತು. ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಆಮೇಲೆ 1978ರ ಪಿಟಿಸಿಎಲ್ ಕಾಯ್ದೆ: ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ.

2000ದ ಹೊತ್ತಿಗೆ 'ಭೂಮಿ' ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಎನ್‌ಐಸಿ ತಂತ್ರಾಂಶ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ. ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್, ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು. ಲೆಕ್ಕಿಗರ ಮನೆ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪಿತಲ್ಲ, ಅದು ಸಣ್ಣ ಮಾತಲ್ಲ.

ಆದರೆ ವಿಧಾನ ನೋಡಿ. ಪುಸ್ತಕದಲ್ಲಿ ಇದ್ದದ್ದನ್ನ ಇದ್ದಹಾಗೇ ಏರಿಸಿದರು. ತಾಳೆ ನೋಡಿದೋರು ಅದೇ ಗ್ರಾಮ ಲೆಕ್ಕಿಗರು. ನಾನೂ ಒಬ್ಬ ಗುಮಾಸ್ತ, ನನಗೆ ಗೊತ್ತು: ಕಂಪ್ಯೂಟರು ತಪ್ಪನ್ನ ತಿದ್ದಲ್ಲ, ಅಚ್ಚುಕಟ್ಟಾಗಿ ಪ್ರಿಂಟ್ ಹಾಕುತ್ತೆ. ಮಂಜೂರಾತಿ ಯಾರಿಗೆ ಆಗಿತ್ತು ಅನ್ನೋದು ಹಳೇ ರಿಜಿಸ್ಟರಿನಲ್ಲೇ ಉಳಿದು, ಉಳುತ್ತಿರೋನ ಹೆಸರು 12ನೇ ಕಾಲಂನಲ್ಲಿ ಇಲ್ಲದೇ ಹೋದರೆ, ಆ ಸುಳ್ಳಿಗೇ ಸರ್ಕಾರದ ಮುದ್ರೆ ಬಿದ್ದಹಾಗೆ. 2007ರಲ್ಲೇ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ಈ ವ್ಯವಸ್ಥೆ ದೊಡ್ಡ ಭೂಖರೀದಿದಾರರಿಗೇ ಹೆಚ್ಚು ಅನುಕೂಲ ಆಯ್ತು ಅಂತ ಬರೆದರು. ಬೆಂಗಳೂರಿಗೆ ಅಂಟಿಕೊಂಡಿರೋ ಮಾಲೂರಿನೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಟಿಸಿಎಲ್ ಅರ್ಜಿಯನ್ನ ಸಮಂಜಸ ಕಾಲದಲ್ಲಿ ಹಾಕಬೇಕು ಅಂದಿತು. ಹೋರಾಟದ ನಂತರ 2023ರ ತಿದ್ದುಪಡಿ, ಕಾಲಮಿತಿ ಇಲ್ಲ ಅಂತ ಸೇರಿಸಿತು. ಆದರೂ ಕೋರ್ಟುಗಳಲ್ಲಿ ವಿಳಂಬದ ವಾದ ನಿಂತಿಲ್ಲ. ದಾಖಲೆ ಕಾಣದೇ ಇದ್ದೋನು ಬೇಗ ಬರೋದಾದರೂ ಹೆಂಗೆ?

ಅದಕ್ಕೇ ನಾವು ಕೇಳೋದು: ಹೊಸ ಆ್ಯಪ್ ಮಾಡೋ ಮೊದಲು ಪಹಣಿಯನ್ನ ಕೇರಿಗೆ ತಂದು ಓದಿ. ಆಕ್ಷೇಪಣೆ ಬರ್ಕೊಳ್ಳಿ. ಮಂಜೂರಾತಿ ರಿಜಿಸ್ಟರ್ ಜೊತೆ ತಾಳೆ ನೋಡಿ. ಪಿಟಿಸಿಎಲ್ ಜಮೀನು ಅಂತ ಪಹಣಿಯಲ್ಲೇ ನಮೂದಿಸಿ. ಆಮೇಲೆ ಕಂಪ್ಯೂಟರಿಗೆ ಏರಿಸಿ.

ಅಲ್ಲೀವರೆಗೆ ಸುಮ್ನೆ ಕೂರಬೇಡಿ. ಈ ವಾರವೇ ನಿಮ್ಮ ಸರ್ವೆ ನಂಬರಿನ ಪಹಣಿ ತೆಗೆಸಿ. ತಾತನ ಸಾಗುವಳಿ ಚೀಟಿ ಪೆಟ್ಟಿಗೆಯಲ್ಲಿದ್ರೆ ಈಚೆಗೆ ತೆಗೀರಿ. ಇಲ್ಲದಿದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮಂಜೂರಾತಿ ಕಡತದ ನಕಲು ಕೇಳಿ. ಓದೋಕೆ ಬರದೋರಿಗೆ ಕೇರಿಯ ಹುಡುಗ್ರು ಓದಿ ಹೇಳ್ರಪ್ಪ.

ಜೈಭೀಮ್.