ತಟ್ಟೇಲಿ ಪರಂಗಿ ಯಾರು? (ಅಡುಗೆಮನೆ ಇತಿಹಾಸ, ಭಾಗ 4)

ಭಾನುವಾರ ಕೆರಗೋಡಿನ ನಮ್ಮನೇಲಿ ಹಣ್ಣಿನ ಟಾರ್ಟ್ ಮಾಡ್ದೆ. ಅಜ್ಜಿ ನೋಡಿ, “ಪರಂಗಿಯೋರ ತಿಂಡಿ ನಮ್ಗ್ಯಾಕ್ ಮಗಾ?” ಅಂದ್ರು. ಅದರ ಮೇಲೆ ನಾನು ಜೋಡಿಸ್ತಿದ್ದದ್ದು ನಮ್ಮ ಹಿತ್ತಲ ಪರಂಗಿ ಹಣ್ಣು!

ಸ್ವಲ್ಪ ಹಿಂದಕ್ಕೆ ಹೋಗೋಣ. ಪರಂಗಿ ಗಿಡದ ತವರು ಮಧ್ಯ ಅಮೆರಿಕ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರ ಹಡಗುಗಳ ಕಾಲದಲ್ಲೇ ಈ ಹಣ್ಣೂ ಭಾರತಕ್ಕೆ ಬಂತು. ಯುರೋಪಿನವರನ್ನ ನಮ್ಮೋರು ‘ಪರಂಗಿ’ ಅಂತಿದ್ರು. ಹಣ್ಣಿಗೂ ಅದೇ ಹೆಸರು ಅಂಟ್ಕೊಂತು. ಸೀಬೆಯೂ ಅಮೆರಿಕದ್ದೇ. ಅಷ್ಟೇ ಯಾಕೆ, ನಮ್ಮ ಮುದ್ದೆಯ ರಾಗಿ ಸಾವಿರಾರು ವರ್ಷ ಹಿಂದೆ ಆಫ್ರಿಕಾದಿಂದ ಬಂದದ್ದು. ಹೊರಗಿನದನ್ನೆಲ್ಲ ತೆಗೆದಿಡ್ತಾ ಹೋದ್ರೆ ತಟ್ಟೇಲಿ ಉಳಿಯೋದೇನು?

ಈಗ ಟಾರ್ಟ್: ಮೈದಾ, ರಾಗಿ ಹಿಟ್ಟು, ಬೆಣ್ಣೆ, ಮಂಡ್ಯದ ಬೆಲ್ಲ ಕಲಸಿ, ತಟ್ಟಿ, 180 ಡಿಗ್ರೀಲಿ ಸುಮಾರು 20 ನಿಮಿಷ ಬೇಯಿಸಿ. ಆರಿದ ಮೇಲೆ ನೀರು ಬಸಿದ ಗಟ್ಟಿ ಮೊಸರು, ಅದರ ಮೇಲೆ ಹಸಿ ಹಣ್ಣು.

ಹಣ್ಣು ಮಾತ್ರ ಬೇಯಿಸಬೇಡಿ. 100 ಗ್ರಾಂ ಸೀಬೇಲಿ 200 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇರುತ್ತೆ, ಕಿತ್ತಳೆಯ ಸುಮಾರು ನಾಲ್ಕು ಪಟ್ಟು. ಬಿಸಿ ತಾಗಿದ್ರೆ ಅದು ಕಮ್ಮಿಯಾಗುತ್ತೆ. ಪರಂಗಿಯ ಬಣ್ಣದಲ್ಲಿರೋ ಕ್ಯಾರೊಟಿನ್ ಮೈಯೊಳಗೆ ವಿಟಮಿನ್ ಎ ಆಗುತ್ತೆ, ಕಣ್ಣಿಗೆ ಒಳ್ಳೇದು. ಮೊಸರಿನ ಜೊತೆ ಪರಂಗಿ ತುಂಬಾ ಹೊತ್ತು ಇಟ್ರೆ ಕಹಿ ಬರುತ್ತೆ. ಜೋಡಿಸಿದ ಕೂಡ್ಲೇ ತಿನ್ನಿ.

ಅಜ್ಜಿಗೆ ಈ ಕತೆಯೆಲ್ಲ ಹೇಳ್ದೆ. ಒಂದು ತುಂಡು ಬಾಯಿಗೆ ಹಾಕ್ಕೊಂಡು ಕೇಳಿದ್ರು: “ಬೆಲ್ಲ ನಮ್ದೇ ತಾನೆ?”

ನಿಮ್ಮೂರಲ್ಲಿ ಪರಂಗಿ ಹಣ್ಣಿಗೆ ಏನಂತಾರೆ? ಕಾಮೆಂಟಲ್ಲಿ ಹೇಳಿ.