ಗಣಿಯ ಧೂಳು, ಗಣಿಯವರ ಉಸಿರು

ಕೋಲಾರದ ಚಿನ್ನದ ಗಣಿ ಎಂದೊಡನೆ ನಿಮಗೆ ನೆನಪಾಗುವುದು 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಬಂದ ವಿದ್ಯುಚ್ಛಕ್ತಿ, ಇಲ್ಲವೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್. ಅಲ್ಲಿ ದುಡಿದವರ ಉಸಿರಿನ ಚರಿತ್ರೆಯೂ ತಿಳಿಯತಕ್ಕದ್ದೇ.

ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿ ಕೈಹಾಕಿದರು. ಈಗಿನ ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆಯೆಂದು ಹೆಸರು. 1894ರಲ್ಲಿ ಅಲ್ಲಿಂದ ಗಣಿಗೆ ರೈಲುದಾರಿಯಾಯಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಕೂಲಿಯವರು ಸಂಸಾರಸಮೇತ ಬಂದರು.

ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದು ಸಿಡಿಸಿದಾಗ ಏಳುವ ಧೂಳು ಕಣ್ಣಿಗೆ ಕಾಣದಷ್ಟು ನಯ. ಶ್ವಾಸಕೋಶಕ್ಕೆ ಹೊಕ್ಕ ಆ ಧೂಳು ಅಲ್ಲಿಯೇ ನಿಂತು ಗಂಟುಗಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಮದ್ದಿಲ್ಲ. ಇದರ ಬೆನ್ನಿಗೆ ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ.

ಕೈಕಾಲು ಹೋದವನ ಕಷ್ಟ ಎಲ್ಲರಿಗೂ ಕಾಣುತ್ತದೆ. ನಾಲ್ಕು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವವನನ್ನು ಸೋಮಾರಿಯೆಂದು ಜರೆದಾರು! ಆತನ ನಷ್ಟ ಲೆಕ್ಕಕ್ಕೆ ಬರಬೇಕಾದರೆ ಕಾನೂನೇ ಬೇಕಾಯಿತು. ದಕ್ಷಿಣ ಆಫ್ರಿಕದಲ್ಲಿ 1912ರಲ್ಲಿ ಗಣಿಯವರ ಈ ರೋಗಕ್ಕಾಗಿ ಕಾಯಿದೆಯಾಯಿತು. 1930ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಾನಾ ದೇಶಗಳ ವೈದ್ಯರು ಸೇರಿ ಇದರ ವಿಚಾರಮಾಡಿದರು. ಮೈಸೂರು ಸಂಸ್ಥಾನದಲ್ಲಿ ಸಿಲಿಕೋಸಿಸ್ ನಿಯಮಗಳು ಬಂದದ್ದು 1940ರಲ್ಲಿ. ಮುಂದೆ 1946ರವರೆಗೆ ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತ್ತು! ನೋಡಹೊರಟ ಮೇಲೆ ತಾನೆ ಅದು ಕಂಡದ್ದು?

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶವಾದವು, 2001ರಲ್ಲಿ ಮುಚ್ಚಿದವು. ಗಣಿ ಮುಚ್ಚಿದರೂ ಎದೆಯೊಳಗಿನ ಧೂಳು ತನ್ನ ಕೆಲಸ ನಿಲ್ಲಿಸುವುದಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ರೋಗ ಬಲಿಯುವುದುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಮನೋರೋಗಕ್ಕೆ ಅದರಲ್ಲಿ ಸ್ಥಾನ ದೊರೆತದ್ದು ಸಂತೋಷವೇ. ಸಿಲಿಕೋಸಿಸ್‌ನ ಹೆಸರು ಮಾತ್ರ ಅಲ್ಲಿಲ್ಲ. ರಾಜಸ್ಥಾನ ಸರ್ಕಾರ 2019ರಲ್ಲಿ ಇಂಥ ರೋಗಿಗಳಿಗೆಂದೇ ಒಂದು ನೀತಿಯನ್ನು ರೂಪಿಸಿ, ಸಹಾಯಧನವನ್ನೂ ಮಾಸಾಶನವನ್ನೂ ಗೊತ್ತುಮಾಡಿತು. ಚಿನ್ನದ ನಾಡಿಗೂ ಅದು ಆಗದ ಮಾತೇನಲ್ಲ.

ನಿಮ್ಮ ಬೀದಿಯಲ್ಲಿ ಹಳೆಯ ಗಣಿಕೆಲಸಗಾರರೊಬ್ಬರು ಕೆಮ್ಮುತ್ತ ಜಗಲಿಯ ಮೇಲೆ ಕುಳಿತಿರಬಹುದು. ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ, ಎಲ್ಲಿ, ಎಷ್ಟು ವರ್ಷ ದುಡಿದವರೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಿರಿ. ಬರಿಯ ಕ್ಷಯವೆಂದು ಬರೆದು ಕಳುಹಿಸುವುದು ಅದರಿಂದ ತಪ್ಪೀತು. ಉಸಿರು ಕುಗ್ಗಿದವರಿಗೆ ಮನವೂ ಕುಗ್ಗುತ್ತದೆ. ಅವರ ಬಳಿ ಒಂದು ಗಳಿಗೆ ಕುಳಿತು ಮಾತನಾಡಿರಿ.